ಅಣ್ಣನ ಮೊಬೈಲು, ತಂಗಿಯ ಮೊಬೈಲು



ತರಗತಿಯಲ್ಲಿ ನಾನು ಕಲಿಸುವುದು ಹಿಂದಿ. ಕನ್ನಡದಲ್ಲಿ ನಿಮ್ಮೊಡನೆ ಮಾತನಾಡುವ ಅವಕಾಶ ಸಿಗುವುದು ವರ್ಷಕ್ಕೊಮ್ಮೆ, ಈ ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳಲ್ಲಿ. ಹಿಂದಿನ ವರ್ಷಗಳಲ್ಲಿ ಗಾದೆಗಳ ಬಗ್ಗೆ, ನಮ್ಮ ಹಬ್ಬಗಳ ಬಗ್ಗೆ ಬರೆದಿದ್ದೆ. ಈ ಸಲ ಬೇರೆ ವಿಷಯ ಎತ್ತಿಕೊಂಡದ್ದಕ್ಕೆ ಒಂದು ಕಾರಣವಿದೆ.

ಒಂಬತ್ತನೇ ತರಗತಿಯವರಿಗೆ ‘ಮೇರಾ ಮೊಬೈಲ್’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಹಿಂದಿ ಓದುವ ಮಕ್ಕಳಿಗೆ ಗೊತ್ತು, ಭೂತಕಾಲದ ವಾಕ್ಯದಲ್ಲಿ ‘ನೇ’ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದು ದೊಡ್ಡ ತಲೆನೋವು. ಅದನ್ನು ತಿದ್ದಬೇಕಾದರೆ ಪ್ರತಿಯೊಂದು ವಾಕ್ಯದಲ್ಲೂ ಕರ್ತೃ ಯಾರು, ಕ್ರಿಯಾಪದ ಯಾವುದು ಎಂದು ನೋಡಲೇಬೇಕು. ಹುಡುಗರ ಪುಸ್ತಕಗಳ ಕಟ್ಟು ಮುಗಿಸಿ ಹುಡುಗಿಯರ ಕಟ್ಟಿಗೆ ಬಂದಾಗ ನನ್ನ ಕೆಂಪು ಪೆನ್ನು ಸ್ವಲ್ಪ ನಿಂತಿತು. ಹುಡುಗರ ಪ್ರಬಂಧಗಳಲ್ಲಿ ಕರ್ತೃ ಹೆಚ್ಚಾಗಿ ‘ನಾನು’. ಆಡಿದೆ, ಗೆದ್ದೆ, ಸೋತೆ, ನೋಡಿದೆ, ಡೌನ್‌ಲೋಡ್ ಮಾಡಿದೆ. ಹುಡುಗಿಯರ ಪ್ರಬಂಧಗಳಲ್ಲಿ ಕರ್ತೃ ಬೇರೆಯವರು. ಅವಳು ಹೀಗೆ ಬರೆದಳು, ಇವಳು ನೋಡಿಯೂ ಉತ್ತರ ಕೊಡಲಿಲ್ಲ, ಅವರು ನನ್ನನ್ನು ಗುಂಪಿನಿಂದ ತೆಗೆದರು, ಎರಡು ದಿನ ಬಿಟ್ಟು ಮತ್ತೆ ಸೇರಿಸಿದರು.

ಎಲ್ಲರೂ ಹೀಗೆಯೇ ಬರೆದಿದ್ದರು ಎಂದಲ್ಲ. ಒಬ್ಬಳು ಎರಡು ಪುಟ ತುಂಬ ಚದುರಂಗದ ಆಟದ ಬಗ್ಗೆ ಬರೆದಿದ್ದಳು. ಒಬ್ಬ ಹುಡುಗ ಊರಿನ ಅಣ್ಣ-ತಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ತನ್ನ ಮಾತಿಗೆ ಯಾರೂ ಉತ್ತರಿಸದೇ ಇದ್ದದ್ದನ್ನು ಬರೆದಿದ್ದ. ಒಂದು ತರಗತಿಯ ಪುಸ್ತಕಗಳನ್ನು ನೋಡಿ ಸಮೀಕ್ಷೆ ಮಾಡಿದೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಆದರೂ ವಿಷಯ ಮನಸ್ಸಿನಲ್ಲಿ ಉಳಿಯಿತು. ದೊಡ್ಡ ಸಮೀಕ್ಷೆಗಳು ಏನು ಹೇಳುತ್ತವೆ ಎಂದು ಓದಿ ನೋಡಿದೆ. ಅದನ್ನೂ, ಅದಕ್ಕಿಂತ ಹೆಚ್ಚಾಗಿ ನನಗೆ ತಿಳಿದ ಒಂದು ಮನೆಯ ಕಥೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ

ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 13ರಿಂದ 17 ವರ್ಷದವರನ್ನು 2023ರಲ್ಲಿ ಕೇಳಿತ್ತು. ಇನ್‌ಸ್ಟಾಗ್ರಾಂ ಬಳಸುವ ಹುಡುಗಿಯರು ಶೇ. 66, ಹುಡುಗರು ಶೇ. 53. ಆಟ ಆಡುವವರು ಸೇರಿ ಮಾತನಾಡುವ ಡಿಸ್ಕಾರ್ಡ್‌ನಲ್ಲಿ ಲೆಕ್ಕ ತಿರುಗುತ್ತದೆ: ಹುಡುಗರು ಶೇ. 34, ಹುಡುಗಿಯರು ಶೇ. 22. ಟಿಕ್‌ಟಾಕ್ ಅನ್ನು ‘ಹೆಚ್ಚುಕಡಿಮೆ ಸದಾಕಾಲ’ ನೋಡುತ್ತೇವೆ ಎಂದ ಹುಡುಗಿಯರು ಶೇ. 22, ಹುಡುಗರು ಶೇ. 12. ಯೂಟ್ಯೂಬ್ ಮಾತ್ರ ಎಲ್ಲರಿಗೂ ಬೇಕು, ಅಲ್ಲಿ ದೊಡ್ಡ ಭೇದವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2024ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 44 ದೇಶ-ಪ್ರದೇಶಗಳ ಸುಮಾರು 2 ಲಕ್ಷ 80 ಸಾವಿರ ಮಕ್ಕಳಿದ್ದಾರೆ. ಜಾಲತಾಣ ಬಿಡಲಾಗದ ಸ್ಥಿತಿಗೆ ತಲುಪಿದವರು ಹುಡುಗಿಯರಲ್ಲಿ ಶೇ. 13, ಹುಡುಗರಲ್ಲಿ ಶೇ. 9. ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳ ವಿಷಯದಲ್ಲಿ ಅಪಾಯದ ಅಂಚಿನಲ್ಲಿರುವವರು ಹುಡುಗರಲ್ಲಿ ಶೇ. 16, ಹುಡುಗಿಯರಲ್ಲಿ ಶೇ. 7. ನನ್ನ ಕೆಂಪು ಪೆನ್ನು ಕಂಡದ್ದು ತೀರಾ ಸುಳ್ಳಲ್ಲ ಎಂದಾಯಿತು.

ನಮ್ಮ ದೇಶದಲ್ಲಿ ಮಾತ್ರ ಲೆಕ್ಕ ಇನ್ನೂ ಹಿಂದಿನ ಮೆಟ್ಟಿಲಿನಿಂದ ಶುರುವಾಗುತ್ತದೆ. ಫೋನು ಯಾರ ಕೈಯಲ್ಲಿದೆ ಎಂಬುದೇ ಅಲ್ಲಿಯ ಮೊದಲ ಪ್ರಶ್ನೆ. ಪ್ರಥಮ್ ಸಂಸ್ಥೆಯ ‘ಅಸರ್’ ವರದಿಯನ್ನು ಶಿಕ್ಷಕರಾದ ನಾವು ಪ್ರತಿಸಲವೂ ಕುತೂಹಲದಿಂದ ನೋಡುತ್ತೇವೆ. 2023ರ ವರದಿಯಲ್ಲಿ ಹಳ್ಳಿಗಳ 14ರಿಂದ 18 ವರ್ಷದವರನ್ನು ಕೇಳಿದ್ದರು. ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ಸ್ವಂತ ಫೋನು ಇದ್ದದ್ದು ಹುಡುಗರಲ್ಲಿ ಶೇ. 43.7, ಹುಡುಗಿಯರಲ್ಲಿ ಶೇ. 19.8. ಅಂದರೆ ಅರ್ಧಕ್ಕಿಂತಲೂ ಕಡಿಮೆ. ಮನೆಯಲ್ಲಿ ಒಂದು ಫೋನಿದ್ದರೆ ಅದು ಅಣ್ಣನದು, ತಂಗಿಗೆ ಬೇಕಾದಾಗ ಕೇಳಿ ಪಡೆಯಬೇಕು. ಪಡೆದ ಮೇಲೆ ಏನು ನೋಡಿದಳು ಎಂದು ಅಣ್ಣನಿಗೆ ತಿಳಿಯುತ್ತದೆ, ಅಣ್ಣ ಏನು ನೋಡಿದ ಎಂದು ಯಾರಿಗೂ ತಿಳಿಯುವುದಿಲ್ಲ.

ಕುವೈತಿನಲ್ಲಿ ಈ ಮೊದಲ ಮೆಟ್ಟಿಲನ್ನು ನಾವು ದಾಟಿಯಾಗಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದಾಗ ಇಲ್ಲಿಯ ಮನೆಗಳಲ್ಲಿ ಮಕ್ಕಳಿಗೊಂದು ಫೋನು ಅಥವಾ ಟ್ಯಾಬ್ ಬಂದೇ ಬಂತು. ಮಗ, ಮಗಳು ಎಂದು ಭೇದ ಮಾಡುವಂತೆಯೇ ಇರಲಿಲ್ಲ, ಹಾಜರಿ ಇಬ್ಬರಿಗೂ ಬೇಕಿತ್ತು. ಶಾಲೆ ಮತ್ತೆ ತೆರೆಯಿತು, ಫೋನು ಮಾತ್ರ ಕೈಯಲ್ಲೇ ಉಳಿಯಿತು.

ಇಲ್ಲಿಯ ಬದುಕೂ ಅದಕ್ಕೆ ಹೊಂದಿಕೊಂಡಿದೆ. ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್, ಫಾಹಾಹೀಲ್, ಎಲ್ಲೇ ಇರಲಿ, ನಮ್ಮ ಮಕ್ಕಳು ಬೆಳೆಯುವುದು ಫ್ಲ್ಯಾಟಿನೊಳಗೆ. 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಅಂಥ ದೇಶದಲ್ಲಿ ಬೇಸಿಗೆಯ ಸಂಜೆ ಮಕ್ಕಳನ್ನು ಹೊರಗೆ ಆಡಿ ಎಂದು ಕಳಿಸುವಂತಿಲ್ಲ. ಚಳಿಗಾಲದಲ್ಲಿ ಶುಕ್ರವಾರ ಬೆಳಿಗ್ಗೆ ಖಾಲಿ ಜಾಗದಲ್ಲಿ ಕ್ರಿಕೆಟ್ ಆಡುವವರನ್ನು ನೋಡಿ: ಅಪ್ಪಂದಿರು ಮತ್ತು ಗಂಡು ಮಕ್ಕಳು. ಅಲ್ಲಿ ಹೆಣ್ಣು ಮಕ್ಕಳು ನನಗೆ ಕಂಡದ್ದು ಬಹಳ ಕಡಿಮೆ. ಊರಿನಲ್ಲಾದರೆ ಜಗಲಿ ಇತ್ತು, ಪಕ್ಕದ ಮನೆ ಇತ್ತು, ಬಾವಿಕಟ್ಟೆ ಇತ್ತು. ಇಲ್ಲಿ ಹುಡುಗಿಯ ಜಗಲಿ ಅವಳ ಫೋನಿನಲ್ಲಿದೆ. ಆ ಜಗಲಿಯಲ್ಲಿ ಕುಳಿತು ಅವಳು ಮಾತನಾಡಿದರೆ ನಾವು ಅದನ್ನು ಚಟ ಎನ್ನುತ್ತೇವೆ.

ಹೂವಿನ ಚಿತ್ರ

ಮೊನ್ನೆ ಒಬ್ಬ ವಿದ್ಯಾರ್ಥಿನಿ ಕೇಳಿದಳು, “ಟೀಚರ್, ನಿಮ್ಮ ಡಿಪಿಯಲ್ಲಿ ಯಾವಾಗಲೂ ದಾಸವಾಳ ಯಾಕೆ?” ನಾನು ನಕ್ಕು ಸುಮ್ಮನಾದೆ. ಉತ್ತರ ಹೇಳಬೇಕಾದರೆ ಪುತ್ತೂರಿನ ಒಂದು ಸೈಬರ್ ಕೆಫೆಗೆ ಹೋಗಬೇಕಿತ್ತು.

ನಾನು ಪಿಯುಸಿ ಮುಗಿಸಿ ಬಿ.ಎ. ಸೇರಿದ್ದ ಕಾಲ. ಆಗ ಆರ್ಕುಟ್ ಇತ್ತು. 2004ರಲ್ಲಿ ಶುರುವಾದ ಆ ತಾಣ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಇಂದಿನ ಮಕ್ಕಳು ಅದರ ಹೆಸರನ್ನೂ ಕೇಳಿರಲಾರರು. ಕೆಫೆಯಲ್ಲಿ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು ಬರೆದು, ಗಂಟೆಗೆ 20 ರೂಪಾಯಿ ಕೊಟ್ಟು ಕುಳಿತುಕೊಳ್ಳಬೇಕಿತ್ತು. ನಮ್ಮ ತರಗತಿಯ ಹುಡುಗರ ಪುಟಗಳಲ್ಲಿ ಅವರದೇ ಫೋಟೋ, ಬೈಕಿಗೆ ಒರಗಿ ನಿಂತದ್ದು, ಕಪ್ಪು ಕನ್ನಡಕ ಹಾಕಿದ್ದು. ಹುಡುಗಿಯರ ಪುಟಗಳಲ್ಲಿ ಗುಲಾಬಿ, ಚಿಟ್ಟೆ, ಯಾರದೋ ಮಗು, ಹೆಚ್ಚೆಂದರೆ ಸಿನಿಮಾ ನಟಿ. ಹೀಗೆ ಮಾಡಿ ಎಂದು ನಮಗೆ ಯಾರೂ ಪಾಠ ಮಾಡಿರಲಿಲ್ಲ. ಫೋಟೋ ಹಾಕಿದರೆ ಏನಾಗುತ್ತದೆ ಎಂಬುದು ಹೇಳದೆಯೇ ತಿಳಿದಿತ್ತು.

ಈಗ ಹುಡುಗಿಯರು ಫೋಟೋ ಹಾಕುತ್ತಾರೆ. ಒಳ್ಳೆಯದೇ, ಅವರ ಮುಖ ಅವರದು. ಆದರೆ ಹಾಕಿದ ಅರ್ಧ ಗಂಟೆಯಲ್ಲಿ ಊರಿನಿಂದ ಅತ್ತೆಯದೋ ದೊಡ್ಡಮ್ಮನದೋ ಫೋನು ಬರುತ್ತದೆ. “ಮಗಳು ದೊಡ್ಡವಳಾಗಿದ್ದಾಳೆ, ಆ ಫೋಟೋ ತೆಗೀಲಿಕ್ಕೆ ಹೇಳು.” ಅದೇ ಮನೆಯ ಮಗ ಈಜುಕೊಳದ ಬದಿಯಲ್ಲಿ ಅಂಗಿಯಿಲ್ಲದೆ ನಿಂತ ಫೋಟೋ ಹಾಕಿದರೆ ಅದೇ ದೊಡ್ಡಮ್ಮ ಹೃದಯದ ಚಿಹ್ನೆ ಒತ್ತುತ್ತಾರೆ. ಇದನ್ನು ಮಕ್ಕಳು ಗಮನಿಸುತ್ತಾರೆ. ಗಮನಿಸಿ ನಮಗೆ ಹೇಳುವುದಿಲ್ಲ.

ಹೆಣ್ಣು ಮಗುವಿಗೆ ಇದರಿಂದ ಎರಡು ಕಡೆಯ ಒತ್ತಡ. ಮನೆಯವರು ಮುಚ್ಚಿಡು ಎನ್ನುತ್ತಾರೆ, ಜಾಲತಾಣ ತೋರಿಸು ಎನ್ನುತ್ತದೆ. ತೋರಿಸಿದ ಮೇಲೆ ಲೈಕ್ ಎಷ್ಟು ಬಂತು ಎಂಬ ಲೆಕ್ಕ. ಮುಖ ಬೆಳ್ಳಗೆ ಮಾಡುವ, ಮೂಗು ಸಣ್ಣದು ಮಾಡುವ ಫಿಲ್ಟರ್‌ಗಳು ಬೆರಳ ತುದಿಯಲ್ಲಿವೆ. ಕೆಲವು ದಿನ ಅವನ್ನು ಬಳಸಿದ ಮೇಲೆ ಕನ್ನಡಿಯಲ್ಲಿ ಕಾಣುವ ಮುಖವೇ ತಪ್ಪಾಗಿ ಕಾಣತೊಡಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು ಪತ್ರಿಕೆಯಲ್ಲಿ ಹೊರಬಂದವು. ತಮ್ಮ ದೇಹದ ಬಗ್ಗೆ ಮೊದಲೇ ಬೇಸರವಿದ್ದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತು ಎಂದು ಹದಿಹರೆಯದ ಹುಡುಗಿಯರಲ್ಲಿ ಶೇ. 32 ಮಂದಿ ಕಂಪನಿಯವರಿಗೇ ಹೇಳಿದ್ದರು. ಪ್ಯೂ ಸಂಸ್ಥೆಯ 2025ರ ವರದಿಯಲ್ಲಿ, ಜಾಲತಾಣದಿಂದ ನಮ್ಮ ಮನಸ್ಸಿನ ಆರೋಗ್ಯ ಕೆಟ್ಟಿದೆ ಎಂದ ಹುಡುಗಿಯರು ಶೇ. 25, ಹುಡುಗರು ಶೇ. 14. ನಿದ್ದೆ ಕೆಟ್ಟಿದೆ ಎಂದವರು ಹುಡುಗಿಯರಲ್ಲಿ ಶೇ. 50, ಹುಡುಗರಲ್ಲಿ ಶೇ. 40. ನಿದ್ದೆಯ ವಿಷಯದಲ್ಲಿ ಇಬ್ಬರನ್ನೂ ಮೊದಲ ಪೀರಿಯಡ್‌ನಲ್ಲಿ ನೋಡುವ ನನಗೆ ಸಮೀಕ್ಷೆ ಬೇಕಿಲ್ಲ.

ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಜೊನಾಥನ್ ಹೈಟ್ 2024ರಲ್ಲಿ ಬರೆದ ಪುಸ್ತಕದಲ್ಲಿ, ಮಕ್ಕಳ ಮನಸ್ಸಿನ ಕಾಯಿಲೆ ಹೆಚ್ಚಾಗಲು ಫೋನೇ ಮುಖ್ಯ ಕಾರಣ ಎಂದು ವಾದಿಸಿದರು. ಅದೇ ವರ್ಷ ಕ್ಯಾಂಡಿಸ್ ಆಡ್ಜರ್ಸ್ ಎಂಬ ಮನಶ್ಶಾಸ್ತ್ರಜ್ಞೆ ‘ನೇಚರ್’ ಪತ್ರಿಕೆಯಲ್ಲಿ, ಅಷ್ಟು ಹೇಳಲು ಪುರಾವೆ ಸಾಲದು, ಮೊದಲೇ ಬೇಸರದಲ್ಲಿರುವ ಮಕ್ಕಳು ಫೋನನ್ನು ಹೆಚ್ಚು ಹಿಡಿಯುತ್ತಿರಬಹುದು ಎಂದು ಉತ್ತರಿಸಿದರು. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು 2022ರಲ್ಲಿ ಏಮಿ ಓರ್ಬೆನ್ ಮತ್ತು ಸಂಗಡಿಗರು ಬ್ರಿಟನ್ನಿನ ಮಕ್ಕಳ ಮಾಹಿತಿಯಿಂದ ಕಂಡುಕೊಂಡದ್ದು. ಜಾಲತಾಣದ ಬಳಕೆ ಹೆಚ್ಚಾದರೆ ಒಂದು ವರ್ಷದ ನಂತರ ಬದುಕಿನ ಬಗ್ಗೆ ತೃಪ್ತಿ ಕಡಿಮೆಯಾಗುವ ವಯಸ್ಸು ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14-15. ಇಬ್ಬರಿಗೂ 19ರ ಹೊತ್ತಿಗೆ ಇನ್ನೊಮ್ಮೆ. ಅಂದರೆ ಮಗಳು ಆರನೇ ಅಥವಾ ಏಳನೇ ತರಗತಿಯಲ್ಲಿರುವಾಗ ನಾವು ಹೆಚ್ಚು ಹತ್ತಿರವಿರಬೇಕು. ಮಗನ ವಿಷಯದಲ್ಲಿ ‘ಇನ್ನು ದೊಡ್ಡವನಾದ’ ಎಂದು ಕೈಬಿಡುವ ಒಂಬತ್ತು, ಹತ್ತನೇ ತರಗತಿಯಲ್ಲೇ ಅವನಿಗೆ ನಾವು ಬೇಕು.

“ಇವನದ್ದು ಒಂದು ದಿನವೂ ನೋಡ್ಲಿಲ್ಲ”

ಕುವೈತಿಗೆ ಬರುವ ಮೊದಲು ಕರಾವಳಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ. ಒಂದು ಮಧ್ಯಾಹ್ನ ಹತ್ತನೇ ತರಗತಿಯ ಹುಡುಗನೊಬ್ಬ ಎಲ್ಲರೂ ಹೋದ ಮೇಲೆ ಮೇಜಿನ ಹತ್ತಿರ ನಿಂತ.

“ಟೀಚರ್, ಒಬ್ಬರಿಗೆ ಕಳಿಸಿದ ಫೋಟೋ ಅವರ ಫೋನಿಂದ ತೆಗೀಲಿಕ್ಕೆ ಆಗ್ತದಾ?”

“ಯಾಕೆ ಮಾರಾಯ?”

“ನನಗಲ್ಲ, ಫ್ರೆಂಡಿಗೆ.”

“ಆಗುವುದಿಲ್ಲ. ಅದಕ್ಕೇ ಸಿಕ್ಕಿದವರಿಗೆಲ್ಲ ಕಳಿಸಬಾರದು ಅಂತ ಹೇಳುವುದು” ಎಂದು ಹೇಳಿ ನಾನು ಪುಸ್ತಕ ತಿದ್ದುವುದನ್ನು ಮುಂದುವರಿಸಿದೆ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ನಾನು ತಲೆಯೆತ್ತಲಿಲ್ಲ. ಅವನು ಹೋದ.

ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಒಂದು ವಾರದ ನಂತರ ಅವನ ತಂದೆ ಬಂದರು. ನಡೆದದ್ದು ಇಷ್ಟು. ಇನ್‌ಸ್ಟಾಗ್ರಾಂನಲ್ಲಿ ಒಂದು ಹುಡುಗಿಯ ಹೆಸರಿನ ಖಾತೆಯಿಂದ ಗೆಳೆತನದ ಕೋರಿಕೆ ಬಂದಿತ್ತು. ನಾಲ್ಕು ದಿನ ಒಳ್ಳೆಯ ಮಾತು. ಆಮೇಲೆ ಬೇರೆ ಆ್ಯಪ್‌ಗೆ ಬಾ ಎಂದಿತು, ತನ್ನದೆಂದು ಒಂದು ಫೋಟೋ ಕಳಿಸಿತು, ಅವನದ್ದೂ ಅಂಥದ್ದೇ ಕೇಳಿತು. ಹುಡುಗ ಕಳಿಸಿದ. ಐದೇ ನಿಮಿಷದಲ್ಲಿ ಭಾಷೆ ಬದಲಾಯಿತು. ಅವನ ಗೆಳೆಯರ, ಸಂಬಂಧಿಕರ ಹೆಸರುಗಳ ಪಟ್ಟಿ ಕಳಿಸಿ, ಹಣ ಕೊಡದಿದ್ದರೆ ಇವರಿಗೆಲ್ಲ ಫೋಟೋ ಹೋಗುತ್ತದೆ ಎಂದರು. ಹುಡುಗ ತಂದೆಯ ಫೋನಿನಿಂದ ಗೊತ್ತಾಗದಂತೆ ಮೂರು ಸಲ ಹಣ ಕಳಿಸಿದ್ದ. ನನ್ನ ಬಳಿ ಬಂದದ್ದು ಎರಡನೆಯ ಮತ್ತು ಮೂರನೆಯ ಸಲದ ಮಧ್ಯೆ.

ಆ ತಂದೆ ನನ್ನೆದುರು ಕುಳಿತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. “ಮಗಳ ಫೋನ್ ದಿನಾ ರಾತ್ರಿ ನೋಡ್ತಿದ್ದೆ ಟೀಚರ್. ಇವನದ್ದು ಒಂದು ದಿನವೂ ನೋಡ್ಲಿಲ್ಲ. ಗಂಡು ಹುಡುಗ, ಇವನಿಗೆ ಏನಾಗ್ತದೆ ಅಂತ.”

ಹುಡುಗ ಮತ್ತೆ ಶಾಲೆಗೆ ಬಂದ, ಪರೀಕ್ಷೆ ಬರೆದ, ಈಗ ಕೆಲಸದಲ್ಲಿದ್ದಾನೆ. ಎಲ್ಲ ಕಡೆ ಹೀಗೆ ಮುಗಿಯುವುದಿಲ್ಲ. ಅಮೆರಿಕದ ಎಫ್‌ಬಿಐ ಲೆಕ್ಕದ ಪ್ರಕಾರ 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಮಕ್ಕಳ ಮೇಲೆ ನಡೆದ ಇಂಥ ಹಣದ ಬೆದರಿಕೆಯ ದೂರುಗಳು 13,000ಕ್ಕೂ ಹೆಚ್ಚು. ಬಲಿಯಾದವರು 12,600ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಗಂಡು ಮಕ್ಕಳು. ಕನಿಷ್ಠ 20 ಮಕ್ಕಳು ಜೀವ ಕಳೆದುಕೊಂಡರು. ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವರು 14ರಿಂದ 17 ವರ್ಷದ ಹುಡುಗರು ಎಂದು ಅದೇ ಸಂಸ್ಥೆ ಹೇಳಿದೆ. ನಮ್ಮ ಮನೆಗಳಲ್ಲಿ ಯಾರೂ ಫೋನು ಮುಟ್ಟಿ ನೋಡದ ವಯಸ್ಸು ಅದು.

ಹುಡುಗರು ಯಾಕೆ ಹೇಳುವುದಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಚಿಕ್ಕಂದಿನಿಂದ ನಾವು ಅವರಿಗೆ ‘ಅಳಬೇಡ, ಗಂಡು ಹುಡುಗ ನೀನು’ ಎನ್ನುತ್ತೇವೆ. ಮಗಳು ಶಾಲೆಯಿಂದ ಬಂದು ಬಸ್ಸಿನಲ್ಲಿ ಯಾರು ಯಾರ ಪಕ್ಕ ಕುಳಿತರು ಎಂಬುದನ್ನೂ ಅಮ್ಮನಿಗೆ ಹೇಳುತ್ತಾಳೆ. ಮಗನನ್ನು ಕೇಳಿದರೆ ‘ಏನಿಲ್ಲ’. ನಾವೂ ಅದನ್ನು ಉತ್ತರವೆಂದೇ ತೆಗೆದುಕೊಳ್ಳುತ್ತೇವೆ. ಹೇಳುವ ಅಭ್ಯಾಸವೇ ಇಲ್ಲದವನು ಅತಿ ಕಷ್ಟದ ದಿನ ಹೇಗೆ ಹೇಳಿಯಾನು? ಅವನು ‘ಫ್ರೆಂಡಿಗೆ’ ಎಂದು ಶುರುಮಾಡಿದ್ದೇ ದೊಡ್ಡ ಧೈರ್ಯ. ಆ ಧೈರ್ಯವನ್ನು ಗುರುತಿಸದೆ ಹೋದದ್ದು ನನ್ನ ತಪ್ಪು.

ಹುಡುಗಿಯರು ಹೇಳದೇ ಇರುವುದಕ್ಕೆ ಕಾರಣ ಬೇರೆ. ಹೇಳಿದರೆ ಮೊದಲು ಹೋಗುವುದು ಫೋನು, ಎರಡನೆಯದು ಗೆಳತಿಯ ಮನೆಗೆ ಹೋಗುವ ಅನುಮತಿ. ತಪ್ಪು ಮಾಡಿದವನು ಯಾರೋ, ಶಿಕ್ಷೆ ಇವಳಿಗೆ. ದಿನಾ ರಾತ್ರಿ ಫೋನು ತಪಾಸಣೆಯಾಗುವ ಮನೆಯ ಮಗಳು ಎರಡನೆಯ ಖಾತೆ ತೆರೆಯಲು ಕಲಿಯುತ್ತಾಳೆ, ಅಷ್ಟೆ. ಹೀಗೆ ಮಗಳು ಶಿಕ್ಷೆಯ ಭಯದಿಂದ, ಮಗ ನಾಚಿಕೆಯಿಂದ, ಇಬ್ಬರೂ ಒಂದೇ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತಾರೆ.

ಇಷ್ಟು ಹೇಳಿದ ಮೇಲೆ, ಅಂಥ ರಾತ್ರಿ ಬಂದರೆ ಏನು ಮಾಡಬೇಕು ಎಂಬುದನ್ನು ಮಕ್ಕಳೇ ತಿಳಿದುಕೊಳ್ಳಿ. ಹಣ ಕಳಿಸಬೇಡಿ, ಒಂದು ಸಲ ಕೊಟ್ಟರೆ ಇನ್ನೊಂದು ಸಲ ಕೇಳುತ್ತಾರೆ. ಮಾತುಕತೆಯನ್ನು ಅಳಿಸಬೇಡಿ, ಅದೇ ಸಾಕ್ಷಿ. ಖಾತೆಯ ಹೆಸರಿನ ಚಿತ್ರ ತೆಗೆದಿಟ್ಟು ನಂತರ ತಡೆಹಿಡಿಯಿರಿ. ಅದೇ ರಾತ್ರಿ ಒಬ್ಬ ದೊಡ್ಡವರಿಗೆ ಹೇಳಿ: ಅಪ್ಪ, ಅಮ್ಮ, ಚಿಕ್ಕಪ್ಪ, ಟೀಚರ್, ಯಾರಾದರೂ. 18 ವರ್ಷದೊಳಗಿನವರ ಇಂಥ ಚಿತ್ರಗಳನ್ನು ತಡೆಯಲು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ವ್ಯವಸ್ಥೆ ಆರಂಭಿಸಿತು. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ತಯಾರಾಗುತ್ತದೆ, ಆ ಸಂಖ್ಯೆಯನ್ನು ನೋಡಿ ಇದರಲ್ಲಿ ಸೇರಿಕೊಂಡ ಜಾಲತಾಣಗಳು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಆ ದಿನ ನನಗೆ ಇದೇನೂ ತಿಳಿದಿರಲಿಲ್ಲ.

ಕುವೈತಿನಲ್ಲಿ 2015ರ 63ನೇ ಕಾನೂನಿನ ಪ್ರಕಾರ ಅಂತರ್ಜಾಲದಲ್ಲಿ ಬೆದರಿಸಿ ಹಣ ಕೀಳುವುದು ಅಪರಾಧ, ಗೃಹ ಸಚಿವಾಲಯದಲ್ಲಿ ಸೈಬರ್ ಅಪರಾಧಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಭಾರತದಲ್ಲಿ ಇದ್ದಾಗ 1930ಕ್ಕೆ ಕರೆ ಮಾಡಬಹುದು. ಇನ್ನೊಂದು ಮಾತು ಹುಡುಗರಿಗೆ: ತರಗತಿಯ ಹುಡುಗಿಯ ಫೋಟೋವನ್ನು ಕೇಳದೆ ತೆಗೆದು ಗುಂಪಿಗೆ ಹಾಕುವುದು ನಿಮಗೆ ತಮಾಷೆ ಎನಿಸಬಹುದು. ಇಲ್ಲಿಯ ಪೊಲೀಸರಿಗೆ ಅದು ತಮಾಷೆಯಲ್ಲ.

ಮನೆಯಲ್ಲಿ ಮಾಡಿ ನೋಡುವ ಪಾಠ

ಪಾಠ ಎಂದ ಮೇಲೆ ಅಭ್ಯಾಸ ಇರಲೇಬೇಕಲ್ಲವೇ? ಅಣ್ಣ-ತಂಗಿ ಅಥವಾ ಅಕ್ಕ-ತಮ್ಮ ಇರುವ ಮನೆಯಲ್ಲಿ ಒಂದು ಶನಿವಾರ, ಅಪ್ಪ-ಅಮ್ಮನ ಎದುರಿನಲ್ಲೇ, ಹತ್ತು ನಿಮಿಷ ಫೋನು ಅದಲುಬದಲು ಮಾಡಿಕೊಳ್ಳಿ. ಸಂದೇಶಗಳನ್ನು ತೆರೆಯಬೇಡಿ. ಕಿರು ವೀಡಿಯೊಗಳು ಒಂದರ ಹಿಂದೆ ಒಂದು ಬರುತ್ತವಲ್ಲ, ಅವನ್ನು ಮಾತ್ರ ನೋಡಿ. ತಂಗಿಯ ಫೋನಿನಲ್ಲಿ ಮುಖಕ್ಕೆ ಹಚ್ಚುವ ಕ್ರೀಮು, ಬಟ್ಟೆ, ಸಣ್ಣಗಾಗುವ ಉಪಾಯ. ಅಣ್ಣನ ಫೋನಿನಲ್ಲಿ ಕಾರು, ಹೊಡೆದಾಟ, ಜಿಮ್ಮು, ಪ್ರೋಟೀನ್ ಪುಡಿ. ನಿಮ್ಮ ಮನೆಯಲ್ಲಿ ಬೇರೆಯೇ ಬರಬಹುದು, ಆದರೆ ಎರಡೂ ಒಂದೇ ಆಗಿರುವ ಸಾಧ್ಯತೆ ಕಡಿಮೆ. ಯಾವ ವೀಡಿಯೊದ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತು ಎಂಬ ಲೆಕ್ಕವನ್ನು ಯಂತ್ರ ಇಡುತ್ತದೆ, ಅದರಂಥದ್ದೇ ಇನ್ನೊಂದನ್ನು ತರುತ್ತದೆ. ಸ್ವಲ್ಪ ಭೇದವಿದ್ದದ್ದು ಹೀಗೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ಹುಡುಗರಿಗೆ ದೇಹದ ಚಿಂತೆಯಿಲ್ಲ ಎಂದುಕೊಂಡಿರುವ ಅಮ್ಮಂದಿರು ಆ ಜಿಮ್ಮಿನ ವೀಡಿಯೊಗಳನ್ನು ನಾಲ್ಕು ನಿಮಿಷ ನೋಡಬೇಕು.

ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ನೀವು ಕೊಟ್ಟ ಹುಟ್ಟಿದ ವರ್ಷ ಯಾವುದು ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಕೆಲವು ದೇಶಗಳಲ್ಲಿ, 2025ರ ಫೆಬ್ರವರಿಯಲ್ಲಿ ಭಾರತದಲ್ಲಿ ಹದಿಹರೆಯದವರಿಗೆಂದು ಪ್ರತ್ಯೇಕ ಖಾತೆಗಳು ಬಂದವು. ಅವು ತಾವಾಗಿಯೇ ಖಾಸಗಿಯಾಗಿರುತ್ತವೆ, ಅಪರಿಚಿತರ ಸಂದೇಶ ಒಳಗೆ ಬರುವುದಿಲ್ಲ. ಆದರೆ ಐದನೇ ತರಗತಿಯಲ್ಲಿ ಖಾತೆ ತೆರೆಯುವಾಗ 2000ದಲ್ಲಿ ಹುಟ್ಟಿದೆ ಎಂದು ಬರೆದವರನ್ನು ಅದು ದೊಡ್ಡವರೆಂದೇ ತಿಳಿಯುತ್ತದೆ. ಅಸರ್ 2024ರ ವರದಿಯಲ್ಲಿ ಜಾಲತಾಣ ಬಳಸುವ 14ರಿಂದ 16 ವರ್ಷದ ಹಳ್ಳಿಯ ಮಕ್ಕಳಲ್ಲಿ ಖಾತೆಯನ್ನು ಖಾಸಗಿ ಮಾಡಲು ತಿಳಿದವರು ಶೇ. 55.2. ಕುವೈತಿನ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲದೇ ಇರಲಾರದು, ಪೋಷಕರಿಗೆ ಗೊತ್ತಿದೆಯೇ ಎಂಬುದೇ ನನ್ನ ಸಂಶಯ. ಮಕ್ಕಳೇ ಕಲಿಸಿಕೊಡಲಿ.

ಕೆಲವು ಪೋಷಕರು ನನ್ನನ್ನು ಕೇಳುತ್ತಾರೆ, ಸರಕಾರವೇ ನಿಷೇಧ ಮಾಡಿದರೆ ಒಳ್ಳೆಯದಲ್ಲವೇ ಎಂದು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಕುವೈತ್ 2025ರ ಆಗಸ್ಟ್‌ನಲ್ಲಿ ರೋಬ್ಲಾಕ್ಸ್ ಆಟವನ್ನು ನಿರ್ಬಂಧಿಸಿತು. ಆ ಆಟದೊಳಗೆ ಅಪರಿಚಿತರ ಜೊತೆ ಮಾತುಕತೆಯೂ ನಡೆಯುತ್ತದೆ ಎಂಬುದು ನನ್ನ ಪರಿಚಯದ ಅನೇಕ ತಂದೆ-ತಾಯಂದಿರಿಗೆ ತಿಳಿದದ್ದೇ ಆಗ. ಭಾರತದಲ್ಲಿ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ನಮ್ಮ ಮಕ್ಕಳು ಜುಲೈ ರಜೆಯಲ್ಲಿ ಮಂಗಳೂರಿನಲ್ಲಿ ವಿಮಾನ ಇಳಿದಾಗ ಟಿಕ್‌ಟಾಕ್ ತೆರೆಯುವುದಿಲ್ಲ. ಇವರು ಎರಡು ದಿನ ಮುಖ ಊದಿಸಿಕೊಂಡಿರುತ್ತಾರೆ, ಮೂರನೆಯ ದಿನ ಅದೇ ವೀಡಿಯೊಗಳನ್ನು ಬೇರೆ ಕಡೆ ನೋಡುತ್ತಿರುತ್ತಾರೆ. ನಿಷೇಧದಿಂದ ಸ್ವಲ್ಪ ಉಪಯೋಗ ಇರಬಹುದು, ನಾನು ಅದರ ವಿರೋಧಿಯಲ್ಲ. ಆದರೆ ಮನೆಯಲ್ಲಿ ಮಗನಿಗೊಂದು ಕಾನೂನು, ಮಗಳಿಗೊಂದು ಕಾನೂನು ಇದ್ದರೆ ಅದನ್ನು ಯಾವ ಸರಕಾರವೂ ಸರಿಮಾಡುವುದಿಲ್ಲ. ರಾತ್ರಿ ಹತ್ತಕ್ಕೆ ಫೋನು ಹಾಲಿನ ಮೇಜಿನ ಮೇಲೆ ಇಡಬೇಕಾದರೆ ಇಬ್ಬರದ್ದೂ ಇರಲಿ. ಸಾಧ್ಯವಾದರೆ ಅಪ್ಪನದ್ದೂ ಇರಲಿ.

ಒಂಬತ್ತನೇ ತರಗತಿಯವರಿಗೆ ಬೇಸಿಗೆ ರಜೆಯ ಕೆಲಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕುಳಿತು ಕೇಳಿ: ಅಜ್ಜಿ, ನಿಮ್ಮ ಮೊದಲನೆಯ ಫೋಟೋ ಯಾವಾಗ ತೆಗೆದದ್ದು, ಯಾರು ತೆಗೆಸಿದ್ದು, ಅದು ಯಾರ ಹತ್ತಿರ ಇತ್ತು? ಅಜ್ಜನನ್ನೂ ಅದನ್ನೇ ಕೇಳಿ. ಇಬ್ಬರ ಉತ್ತರವನ್ನೂ ಒಂದೊಂದು ಪುಟದಲ್ಲಿ ಬರೆದು ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆದಾಗ ತನ್ನಿ. ಕನ್ನಡ ಬಲ್ಲವರು ಕನ್ನಡದಲ್ಲಿ ಬರೆದರೂ ನಾನು ತೆಗೆದುಕೊಳ್ಳುತ್ತೇನೆ, ಅಲ್ಲಿ ‘ನೇ’ ಹಾಕುವ ತೊಂದರೆ ಇಲ್ಲ.